ತಾಮ್ರದಲ್ಲಿ ನ್ಯೂಟ್ರಾನ್ ಎಷ್ಟು? ಕೀ ಉತ್ತರ 35 ಅಂತಿದೆ, ಇದು ಸರೀನಾ?

ಚಂದ್ರವಳ್ಳಿ: ದುರ್ಗದ ಹೈಸ್ಕೂಲ್ ಮಕ್ಕಳ ಕೈಲಿ ಓಡಾಡ್ತಿರೋ ಒಂದು ಅಭ್ಯಾಸದ ಹಾಳೆಯಲ್ಲಿ ಹೀಗಿದೆ: 'ತಾಮ್ರದ ಪರಮಾಣು ಸಂಖ್ಯೆ 29, ಪರಮಾಣು ರಾಶಿ 63.5. ನ್ಯೂಟ್ರಾನ್‌ಗಳೆಷ್ಟು?' ಕೀ ಉತ್ತರ 35. ಅಂದ್ರೆ 63.5 ಅನ್ನು 64 ಮಾಡಿ 29 ಕಳೆದಿದ್ದಾರೆ. 35 ನ್ಯೂಟ್ರಾನ್ ಇರೋದು ತಾಮ್ರ-64ರಲ್ಲಿ (64 ಅಂದ್ರೆ ಪ್ರೋಟಾನ್, ನ್ಯೂಟ್ರಾನ್ ಎರಡರ ಒಟ್ಟು ಎಣಿಕೆ). ಅದು ವಿಕಿರಣಶೀಲ, ಅರ್ಧಾಯುಷ್ಯ (ಇರೋದರಲ್ಲಿ ಅರ್ಧ ಕ್ಷಯಿಸೋ ಸಮಯ) 12.7 ಗಂಟೆ. ಇಂಗಳದಾಳ ಗಣಿಯ ತಾಮ್ರದ ಅದಿರಾಗಲಿ, ಮನೆಯ ವೈರಾಗಲಿ, ಅಲ್ಲಿರೋದು ಎರಡೇ: ತಾಮ್ರ-63 ಸುಮಾರು ಶೇ. 69.15, ತಾಮ್ರ-65 ಶೇ. 30.85. ನ್ಯೂಟ್ರಾನ್ 34 ಇರುತ್ತೆ, ಇಲ್ಲಾ 36. ಮಕ್ಕಳಿಗೆ ಇಲ್ಲದ ಪರಮಾಣು ಹೇಳಿಕೊಡ್ತಿದ್ದೀವಿ.

ಜಗಳೂರು ಮೇಷ್ಟ್ರು: ಒಂದು ಅಂಕದ ಪ್ರಶ್ನೆಗೆ ಇಷ್ಟೊಂದು ಯಾಕ್ರಿ? ಹತ್ತಿರದ ಪೂರ್ಣಾಂಕ ಮಾಡಿ ಕಳೆಯೋದು ಒಳ್ಳೇ ದಾರಿ. ಸೋಡಿಯಂ 22.99, ಅಲ್ಯುಮಿನಿಯಂ 26.98, ಫಾಸ್ಫರಸ್ 30.97. ಮೂರಕ್ಕೂ ಸರಿಯಾಗಿ ಬರುತ್ತೆ.

ಚಂದ್ರವಳ್ಳಿ: ನೀವು ಆರಿಸಿದ ಮೂರಕ್ಕೂ ಪ್ರಕೃತಿಯಲ್ಲಿ ಒಂದೊಂದೇ ಐಸೋಟೋಪ್ (ಅದೇ ಧಾತುವಿನ, ನ್ಯೂಟ್ರಾನ್ ಎಣಿಕೆ ಬೇರೆಯಾದ ಪರಮಾಣು) ಸರ್, ಅದಕ್ಕೇ ಬರೋದು. ಬ್ರೋಮಿನ್ ತಗೊಳ್ಳಿ. 79.90, ಪೂರ್ಣಾಂಕ ಮಾಡಿದ್ರೆ 80. ಆದ್ರೆ ಪ್ರಕೃತಿಯಲ್ಲಿರೋದು 79 ಮತ್ತು 81, ಹೆಚ್ಚುಕಡಿಮೆ ಅರ್ಧರ್ಧ. 79.90 ಆ ಮಿಶ್ರಣದ ಸರಾಸರಿ, ತಾಮ್ರದ 63.5 ಕೂಡ ಹಾಗೇ.

ಹರಿಹರ_ತುಂಗಭದ್ರಾ: ದಶಾಂಶ ಬರೋದು ಮಿಶ್ರಣದಿಂದ ಅಂತ ಯಾರು ಹೇಳಿದ್ದು? ಪ್ರೋಟಾನ್ 1.00728, ನ್ಯೂಟ್ರಾನ್ 1.00866, ಎಲೆಕ್ಟ್ರಾನ್ 0.00055. ಯಾವುದೂ ಪೂರ್ಣಾಂಕ ಅಲ್ಲ. 29, 34, 29ರಿಂದ ಗುಣಿಸಿ ಕೂಡಿಸಿ: 63.52. ಅಲ್ಲಿಗೆ 63.5 ಬಂತು.

ಚಂದ್ರವಳ್ಳಿ: ಅದು ಕಾಕತಾಳೀಯ. ಅದೇ ಲೆಕ್ಕ ಫ್ಲೋರಿನ್‌ಗೆ ಮಾಡಿ, ನಮ್ಮ ಬೋರ್‌ವೆಲ್ ನೀರಿನಲ್ಲಿ ಕಾಡೋ ಧಾತು. ಅದಕ್ಕಿರೋದು ಫ್ಲೋರಿನ್-19 ಒಂದೇ. ನಿಮ್ಮ ಕೂಡಿಕೆಯಲ್ಲಿ 19.16 ಬರುತ್ತೆ, ನಿಜವಾದದ್ದು 18.998. ಆ 0.16 ನ್ಯೂಕ್ಲಿಯಸ್ ಕಟ್ಟಿಕೊಳ್ಳುವಾಗ ಶಕ್ತಿಯಾಗಿ ಹೊರಗೆ ಹೋಗಿದೆ. ತಾಮ್ರ-63ರಲ್ಲಿ ಹೋಗಿರೋದು 0.59. ಅದರ ನಿಜವಾದ ರಾಶಿ 62.9296.

ಹರಿಹರ_ತುಂಗಭದ್ರಾ: ಹಂಗಾದ್ರೆ ನಿಮ್ಮ ಮಿಶ್ರಣದ ಲೆಕ್ಕವೂ ತಾಳೆ ಆಗಲ್ಲ. 63ಕ್ಕೆ ಶೇ. 69.15, 65ಕ್ಕೆ ಶೇ. 30.85 ಹಾಕಿ, 63.62 ಬರುತ್ತೆ. ಕೋಷ್ಟಕದಲ್ಲಿ 63.55 ಇದೆ.

ಚಂದ್ರವಳ್ಳಿ: 63, 65 ಅನ್ನೋದು ಎಣಿಕೆ, ರಾಶಿ ಅಲ್ಲ. 62.9296 × 0.6915 ಮತ್ತು 64.9278 × 0.3085 ಕೂಡಿಸಿ. 63.546.

ಆನೆಕೊಂಡ: 'ಎಣಿಕೆ, ರಾಶಿ ಅಲ್ಲ' ಅಂದ್ರಲ್ಲ, ಗೊಂದಲದ ಬೇರು ಅಲ್ಲೇ ಇದೆ. ದಾವಣಗೆರೆ ಕಡೆ ಮಗುವಿಗೆ ರಾಶಿ ಅಂದ್ರೆ ಕಣದಲ್ಲಿರೋ ಮೆಕ್ಕೆಜೋಳದ ರಾಶಿ. ಆ ಎಣಿಕೆಗೆ 'ರಾಶಿ ಸಂಖ್ಯೆ' ಅಂದ್ರೆ, ಎಷ್ಟು ರಾಶಿ ಅಂದ್ಕೊಳ್ಳುತ್ತೆ. 'ಪರಮಾಣು ತೂಕ' ಅಂತ ಬರೀರಿ, ಅರ್ಧ ತೊಂದರೆ ಹೋಗುತ್ತೆ.

ಚಳ್ಳಕೆರೆ_ರಸಾಯನ: ತೂಕ ಅನ್ನೋದು ಬಲ. ಚಂದ್ರನ ಮೇಲೆ ಆರನೇ ಒಂದು ಪಾಲಾಗುತ್ತೆ. ತಾಮ್ರದ 63.546 ಅಲ್ಲಿ 10.6 ಆಗುತ್ತಾ? ಒಂಬತ್ತನೇ ಕ್ಲಾಸಿನಲ್ಲಿ ಕಷ್ಟಪಟ್ಟು ಬಿಡಿಸಿಕೊಟ್ಟ ವ್ಯತ್ಯಾಸ ಮತ್ತೆ ಕಲಸಬೇಡಿ.

ಆನೆಕೊಂಡ: ಆಗಲ್ಲ ಮೇಡಂ, ಅದೊಂದು ಅನುಪಾತ. ಕಾರ್ಬನ್-12ರ ಹನ್ನೆರಡನೇ ಒಂದು ಪಾಲಿಗೆ ಹೋಲಿಸಿದ್ದು, 1961ರಿಂದ ಅದೇ ಮಾನಕ. ಎರಡೂ ಕಡೆ ಗುರುತ್ವ ಹೊಡೆದುಹೋಗುತ್ತೆ. ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ ಐಯುಪಿಎಸಿಯ ಸಮಿತಿಯ ಹೆಸರಿನಲ್ಲೇ ಇವತ್ತಿಗೂ 'ಪರಮಾಣು ತೂಕ' ಅಂತಿದೆ.

ಚಳ್ಳಕೆರೆ_ರಸಾಯನ: ಅನುಪಾತ ಅಂದಮೇಲೆ ತೂಕ ಎಲ್ಲಿಂದ ಬಂತು? 'ಸಾಪೇಕ್ಷ ಪರಮಾಣು ರಾಶಿ' ಅನ್ನಿ.

ಆನೆಕೊಂಡ: ಎಲ್ಲಿಂದ ಅಂದ್ರೆ ತಕ್ಕಡಿಯಿಂದ. ತಕ್ಕಡಿಯನ್ನ ಚಂದ್ರನ ಮೇಲಿಟ್ಟರೂ ಒಂದು ಕೆಜಿ ಬಟ್ಟಿಗೆ ಒಂದು ಕೆಜಿ ಜೋಳವೇ ಸಮ. ಕನ್ನಡದಲ್ಲಿ 'ತೂಗು' ಅನ್ನೋ ಮಾತು ಅಳೀತಿದ್ದದ್ದೇ ದ್ರವ್ಯರಾಶಿಯನ್ನ.

ಚಳ್ಳಕೆರೆ_ರಸಾಯನ: ಈಗ ಮಂಡಿಯಲ್ಲಿ ತಕ್ಕಡಿ ಎಲ್ಲಿದೆ ಸರ್? ಎಲೆಕ್ಟ್ರಾನಿಕ್ ತಕ್ಕಡಿ ಒಳಗಿನ ಲೋಡ್ ಸೆಲ್ ಗ್ರಹಿಸೋದು ಬಲವನ್ನ. ಸೂಕ್ಷ್ಮ ತಕ್ಕಡಿಯನ್ನ ಬೇರೆ ಊರಿಗೆ ಒಯ್ದರೆ ಅಲ್ಲೇ ಬಟ್ಟಿಟ್ಟು ಮತ್ತೆ ಹೊಂದಿಸಬೇಕು, ಅದಕ್ಕೇ.

ಆನೆಕೊಂಡ: ಬಟ್ಟಿಟ್ಟು ಹೊಂದಿಸ್ತೀರಿ ಅಂದ್ರೆ ಕೊನೆಗೆ ಹೋಲಿಸಿದ್ದು ಬಟ್ಟಿಗೇ! ನನ್ನ ಮಾತನ್ನೇ ಹೇಳ್ತಿದ್ದೀರಿ.

ಚಳ್ಳಕೆರೆ_ರಸಾಯನ: ಇಲ್ಲ. ಬಲ ಅಳೆದು ರಾಶಿಗೆ ತಿರುಗಿಸೋದು ಬೇರೆ, ಎರಡೂ ಒಂದೇ ಅನ್ನೋದು ಬೇರೆ. ಮಾತು ತಿರುಚಬೇಡಿ.

ಬಾತಿ_ಗುಡ್ಡ: ಸರಾಸರಿ ಅರ್ಥವಾಗಲು ನಾಣ್ಯ ಸಾಕು. 2011ರ ಮಾದರಿಯ ಒಂದು ರೂಪಾಯಿ 3.79 ಗ್ರಾಂ, 2019ರದು 3.09. ತಾಮ್ರ-63, 65ರ ಪಾಲಿನ ಹಾಗೆ ಹಗುರ 7, ಭಾರ 3 ತಗೊಂಡ್ರೆ ಒಟ್ಟು 33 ಗ್ರಾಂ, ಸರಾಸರಿ 3.30. ಅಷ್ಟು ತೂಗೋ ನಾಣ್ಯ ಒಂದೂ ಇಲ್ಲ. ಅಂಗಡಿಯಲ್ಲಿ ಎರಡಕ್ಕೂ ಬೆಲೆ ಒಂದೇ, ರಾಸಾಯನಿಕ ಗುಣ ಒಂದೇ ಇದ್ದ ಹಾಗೆ. ಒಂದು ಗ್ರಾಂ ನಿಖರತೆಯ ಅಡುಗೆ ತಕ್ಕಡಿ ನಡೆಯುತ್ತೆ, ಆದ್ರೆ ಹತ್ತನ್ನೂ ಒಟ್ಟಿಗೆ ಇಡಿ. ಸವೆದ ನಾಣ್ಯ ಬೇಡ. ಮಕ್ಕಳು 3.79, 3.09 ಕೂಡಿಸಿ ಎರಡರಿಂದ ಭಾಗಿಸಿ 3.44 ಅಂತಾರೆ. ಆಗ 5-5 ಇಟ್ಟು ತೋರಿಸಿ, 34 ಬರುತ್ತೆ.

ಹರಿಹರ_ತುಂಗಭದ್ರಾ: ಆ ಎರಡು ನಾಣ್ಯದ ಅಗಲವೇ ಬೇರೆ. ಐಸೋಟೋಪ್‌ಗಳ ಗಾತ್ರ ಬೇರೆ ಅಂತ ಮಕ್ಕಳು ಕಲೀತಾವೆ. ಎಲೆಕ್ಟ್ರಾನ್ ಅಷ್ಟೇ ಇರೋದ್ರಿಂದ ಪರಮಾಣುವಿನ ಗಾತ್ರ ಬದಲಾಗಲ್ಲ.

ಆನೆಕೊಂಡ: ನೋಡಿ, ಬಾತಿ ಸರ್ ಕೂಡ 'ತೂಗೋ ನಾಣ್ಯ' ಅಂದ್ರು, ರಾಶಿ ಅನ್ನಲಿಲ್ಲ.

ಚಳ್ಳಕೆರೆ_ರಸಾಯನ: ಗ್ರಾಂ ಅಂತಾನೂ ಅಂದ್ರು. ಗ್ರಾಂ ರಾಶಿಯ ಮಾನ. ತೂಕಕ್ಕೆ ನ್ಯೂಟನ್.

ಚಂದ್ರವಳ್ಳಿ: ಪದ ಯಾವುದಾದ್ರೂ ಇರಲಿ, ಪ್ರಶ್ನೆ ತಿದ್ದಬೇಕು. 'ತಾಮ್ರ-63, ತಾಮ್ರ-65 ಒಂದೊಂದರಲ್ಲೂ ನ್ಯೂಟ್ರಾನ್ ಎಷ್ಟು?' ಅಂತ ಕೇಳಿ. 63.5 ಕೊಟ್ಟು ನ್ಯೂಟ್ರಾನ್ ಕೇಳಲೇಬಾರದು.

ಜಗಳೂರು ಮೇಷ್ಟ್ರು: ಬ್ರೋಮಿನ್ ನೋಡಿದೆ. ಮುಂದಿನ ಹಾಳೆಗೆ ತಿದ್ದಲಿ. ಆದ್ರೆ ಕೀ ನಂಬಿ 35 ಬರೆದ ಮಗುವಿನ ಅಂಕ ಕಡಿಯೋದಕ್ಕೆ ನಾನು ಒಪ್ಪಲ್ಲ.

ಆನೆಕೊಂಡ: ತಿದ್ದುವಾಗ 'ರಾಶಿ'ನೂ ತೆಗೀರಿ.