ಸಿಬ್ಬಂದಿಯ ಹೆಪಟೈಟಿಸ್ ಬಿ ಟೈಟರ್: ಯಾವ ಟೆಸ್ಟ್, ಯಾವಾಗ, ಕಡಿಮೆ ಬಂದರೆ ಮುಂದೇನು?

ಪ್ರಶ್ನೆ (ಸೋಂಕು ನಿಯಂತ್ರಣ ನರ್ಸ್, ತಾಲ್ಲೂಕು ಆಸ್ಪತ್ರೆ):
ಎಲ್ಲರಿಗೂ ನಮಸ್ಕಾರ. ವಾರ್ಡ್, ಓಟಿ, ಲ್ಯಾಬ್ ಸಿಬ್ಬಂದಿಗೆಲ್ಲ ಹೆಪಟೈಟಿಸ್ ಬಿ ಆಂಟಿಬಾಡಿ ಪರೀಕ್ಷೆ ಮಾಡಿಸಬೇಕಿದೆ. ಕೆಲವರಿಗೆ ಲಸಿಕೆಯ ಮೂರು ಡೋಸ್ ಆಗಿ ವರ್ಷಗಳೇ ಕಳೆದಿವೆ, ಆದರೆ ಟೈಟರ್ (ರಕ್ತದಲ್ಲಿರುವ ಆಂಟಿಬಾಡಿ ಪ್ರಮಾಣ) ನೋಡಿಲ್ಲ. ಕೆಲವರ ಹತ್ತಿರ ಲಸಿಕೆ ಕಾರ್ಡೇ ಇಲ್ಲ. ಯಾವ ಟೆಸ್ಟ್ ಬರೆಸಲಿ? ಎಷ್ಟು ಬಂದರೆ ಸಾಕು? ಅನುಭವ ಇರುವವರು ದಯವಿಟ್ಟು ತಿಳಿಸಿ.

ಮೈಕ್ರೋಬಯಾಲಜಿಸ್ಟ್:
ಸಿಸ್ಟರ್, ಫಾರ್ಮ್‌ನಲ್ಲಿ ‘ಆಂಟಿ-ಎಚ್‌ಬಿಎಸ್, ಕ್ವಾಂಟಿಟೇಟಿವ್’ ಅಂತಲೇ ಬರೆಸಿ, ಅಂದರೆ ರಕ್ಷಣೆ ಕೊಡುವ ಆಂಟಿಬಾಡಿ ಎಷ್ಟಿದೆ ಅಂತ ಅಳೆಯುವ ಟೆಸ್ಟ್. ಬರೀ ‘ಹೆಪಟೈಟಿಸ್ ಬಿ’ ಅಂತ ಬರೆದರೆ ಲ್ಯಾಬ್‌ನವರು ಎಚ್‌ಬಿಎಸ್‌ಎಜಿ (ವೈರಸ್‌ನ ಹೊರಪದರದ ಅಂಶ) ಕಾರ್ಡ್ ಟೆಸ್ಟ್ ಮಾಡಿ ‘ನೆಗೆಟಿವ್’ ಕೊಟ್ಟುಬಿಡುತ್ತಾರೆ. ಅದರಿಂದ ಸೋಂಕಿಲ್ಲ ಅಂತ ಗೊತ್ತಾಗುತ್ತದೆ, ರಕ್ಷಣೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ನಮಗೆ ಸಂಖ್ಯೆ ಬೇಕು. ಆಂಟಿಬಾಡಿ ಅಳೆಯುವ ಎಲೈಸಾ ಅಥವಾ ಸಿಎಲ್‌ಐಎ ಯಂತ್ರದಲ್ಲಿ ಎಂಎಲ್‌ಗೆ 10 ಎಂಐಯು (ಮಿಲಿ ಇಂಟರ್‌ನ್ಯಾಷನಲ್ ಯೂನಿಟ್) ಅಥವಾ ಹೆಚ್ಚು ಬಂದರೆ ರಕ್ಷಣೆ ಇದೆ.

ಕೊನೆಯ ಡೋಸ್ ಆಗಿ 1ರಿಂದ 2 ತಿಂಗಳೊಳಗೆ ನೋಡಿದ ಟೈಟರ್‌ಗೇ ಸರಿಯಾದ ಅರ್ಥ. ಆಗ 10 ದಾಟಿದವರ ಸಂಖ್ಯೆ ಮುಂದೆ ಇಳಿದರೂ ಹೆದರಬೇಕಿಲ್ಲ, ರೋಗನಿರೋಧಕ ಶಕ್ತಿಯ ನೆನಪು ಉಳಿದಿರುತ್ತದೆ. ಆರೋಗ್ಯವಂತರಿಗೆ ವರ್ಷವರ್ಷ ಟೈಟರ್ ಮಾಡಿಸಿ ಬೂಸ್ಟರ್ ಕೊಡುವುದು ದುಡ್ಡು ದಂಡ.

ಸ್ಟಾಫ್ ಕ್ಲಿನಿಕ್ ವೈದ್ಯರು:
ಮೂರು ಡೋಸ್‌ಗೆ ದಾಖಲೆ ಇದ್ದು ಈಗ 10ಕ್ಕಿಂತ ಕಡಿಮೆ ಬಂದರೆ, ಟೈಟರ್ ಕಾಲಕ್ರಮೇಣ ಇಳಿದದ್ದೋ ಮೊದಲೇ ಏರದಿದ್ದದ್ದೋ ಹೇಳಲಾಗದು. ಒಂದು ಡೋಸ್ ಕೊಟ್ಟು 1-2 ತಿಂಗಳಿಗೆ ಮತ್ತೆ ನೋಡಿ. 10 ದಾಟಿದರೆ ಮುಗಿಯಿತು. ಇಲ್ಲವಾದರೆ ಇನ್ನೆರಡು ಡೋಸ್ ಕೊಟ್ಟು ಎರಡನೇ ಸರಣಿ ಮುಗಿಸಿ, ಮತ್ತೆ ಪರೀಕ್ಷೆ. ಆರು ಡೋಸ್ ಆದ ಮೇಲೂ ಏರದಿದ್ದರೆ ಎಚ್‌ಬಿಎಸ್‌ಎಜಿ ಮತ್ತು ಆಂಟಿ-ಎಚ್‌ಬಿಸಿ ಟೋಟಲ್ (ಲಸಿಕೆಯಿಂದಲ್ಲ, ಸೋಂಕಿನಿಂದ ಬರುವ ಆಂಟಿಬಾಡಿ) ನೋಡಲೇಬೇಕು, ಮೊದಲೇ ಸೋಂಕು ಇದ್ದಿರಬಹುದು. ಎರಡೂ ನೆಗೆಟಿವ್ ಇದ್ದರಷ್ಟೇ ಅವರು ನಾನ್-ರೆಸ್ಪಾಂಡರ್, ಅಂದರೆ ಲಸಿಕೆಗೆ ಸ್ಪಂದಿಸದವರು.

ಕಾರ್ಡ್ ಇಲ್ಲದವರನ್ನು ಲಸಿಕೆ ಆಗದವರೆಂದೇ ಪರಿಗಣಿಸಿ 0, 1, 6 ತಿಂಗಳ ಸರಣಿ ಕೊಡಿ. ‘ಟ್ರೈನಿಂಗ್‌ನಲ್ಲಿ ಹಾಕಿಸಿಕೊಂಡಿದ್ದೆ’ ಅನ್ನುವ ಮಾತು ದಾಖಲೆಯಾಗದು. ಹೆಚ್ಚುವರಿ ಡೋಸ್‌ನಿಂದ ಹಾನಿಯಿಲ್ಲ. ಮಧ್ಯದಲ್ಲಿ ಡೋಸ್ ತಪ್ಪಿದವರಿಗೆ ಮೊದಲಿನಿಂದ ಶುರು ಮಾಡಬೇಡಿ, ನಿಂತಲ್ಲಿಂದ ಮುಂದುವರಿಸಿ.

ಪ್ರಶ್ನೆ ಕೇಳಿದವರು:
ಧನ್ಯವಾದ ಸರ್. ಒಂದೇ ದಿನ ಹಾಕಿಸಿಕೊಂಡ ಹಲವರಿಗೆ ಕಡಿಮೆ ಬಂದರೆ?

ಲಸಿಕೆ ಕೋಲ್ಡ್ ಚೈನ್ ನೋಡಿಕೊಳ್ಳುವವರು:
ಹಾಗಿದ್ದರೆ ಮೊದಲು ಫ್ರಿಜ್ ನೋಡಿ ಮೇಡಂ. ಈ ಲಸಿಕೆಗೆ ಬಿಸಿಗಿಂತ ಹೆಪ್ಪುಗಟ್ಟುವುದೇ ದೊಡ್ಡ ಶತ್ರು. 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಫ್ರೀಜರ್ ಗೋಡೆಗೆ ತಾಗಿದರೆ ಅಥವಾ ಕಂಡೀಷನ್ ಮಾಡದ (ಹೊರಗಿಟ್ಟು ಸ್ವಲ್ಪ ಕರಗಿಸದ) ಐಸ್‌ಪ್ಯಾಕ್ ಪಕ್ಕ ಇಟ್ಟರೆ ಅಲ್ಯೂಮಿನಿಯಂ ಅಂಶ ಗಂಟುಕಟ್ಟಿ ಲಸಿಕೆ ಸತ್ವ ಕಳೆದುಕೊಳ್ಳುತ್ತದೆ. ಅನುಮಾನ ಬಂದರೆ ಶೇಕ್ ಟೆಸ್ಟ್ ಮಾಡಿ: ಅದೇ ಬ್ಯಾಚ್‌ನ ಒಂದು ವಯಲ್ ಬೇಕೆಂದೇ ಹೆಪ್ಪುಗಟ್ಟಿಸಿ, ಪೂರ್ತಿ ಕರಗಿದ ಮೇಲೆ ಅದನ್ನೂ ಅನುಮಾನದ ವಯಲನ್ನೂ ಒಟ್ಟಿಗೆ ಕುಲುಕಿ ಪಕ್ಕಪಕ್ಕ ಇಡಿ. ಹೆಪ್ಪುಗಟ್ಟಿಸಿದ್ದರಲ್ಲಿ ಬಿಳಿ ಗಷ್ಟ ಬೇಗ ತಳ ಸೇರುತ್ತದೆ. ಇನ್ನೊಂದರಲ್ಲೂ ಅಷ್ಟೇ ಬೇಗ ಇಳಿದರೆ ಎಸೆಯಿರಿ.

ಹಾಗೇ ಡೋಸ್ ಮತ್ತು ಜಾಗ ವಿಚಾರಿಸಿ. ವಯಸ್ಕರಿಗೆ 20 ಮೈಕ್ರೋಗ್ರಾಂ, ಅಂದರೆ 1 ಎಂಎಲ್. ಮಕ್ಕಳ ಅರ್ಧ ಎಂಎಲ್ ವಯಲ್ ಸಾಲದು. ತೋಳಿನ ಡೆಲ್ಟಾಯ್ಡ್ ಸ್ನಾಯುವಿಗೇ ಹಾಕಬೇಕು. ಸೊಂಟಕ್ಕೆ ಹಾಕಿದರೆ ಮದ್ದು ಕೊಬ್ಬಿನಲ್ಲೇ ಉಳಿದು ಟೈಟರ್ ಏರುವುದಿಲ್ಲ. 40 ದಾಟಿದವರು, ದಪ್ಪಗಿರುವವರು, ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆಯವರಲ್ಲಿ ಲಸಿಕೆ ಸರಿಯಿದ್ದರೂ ಸ್ಪಂದನೆ ಕಡಿಮೆ.

ಲ್ಯಾಬ್ ಟೆಕ್ನಿಷಿಯನ್:
ರಕ್ತ ತೆಗೆಯುವ ಮುಂಚೆ ಮೂರು ವಿಷಯ ಕೇಳಿ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದಾರಾ? ಬಯೋಟಿನ್ ಬಳಸಿ ಕೆಲಸ ಮಾಡುವ ಕಿಟ್‌ಗಳಲ್ಲಿ ಟೈಟರ್ ಸುಳ್ಳೇ ಕಡಿಮೆ ತೋರಿಸುತ್ತದೆ, ಎಷ್ಟು ಹೊತ್ತು ಬಿಡಬೇಕು ಅಂತ ಕಿಟ್ ಕಾಗದದಲ್ಲಿ ಇರುತ್ತದೆ. ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಆಂಟಿಬಾಡಿಯ ಚುಚ್ಚುಮದ್ದು) ತಗೊಂಡಿದ್ದಾರಾ? ಹೊರಗಿನಿಂದ ಬಂದ ಆಂಟಿಬಾಡಿಯೇ ಟೈಟರ್ ಆಗಿ ಕಾಣುತ್ತದೆ, ಹೆಪಟೈಟಿಸ್ ಬಿ ಇಮ್ಯುನೊಗ್ಲಾಬ್ಯುಲಿನ್ ಆದಮೇಲೆ 6 ತಿಂಗಳು ಕಾಯಿರಿ. ಈಚೆಗೆ ಡೋಸ್ ಆಗಿದೆಯಾ? ಆಗಿದ್ದರೆ ಎಚ್‌ಬಿಎಸ್‌ಎಜಿ ಪರೀಕ್ಷೆಯನ್ನು ಒಂದು ತಿಂಗಳು ಮುಂದೂಡಿ. ಲಸಿಕೆಯ ಅಂಶವೇ ಕೆಲವು ದಿನ ಪಾಸಿಟಿವ್ ತೋರಿಸಬಹುದು, ಸುಮ್ಮನೆ ಒಬ್ಬರ ನಿದ್ದೆ ಕೆಡುತ್ತದೆ.

ಎಲೈಸಾ ಆದರೆ ಕಿಟ್ ರೂಮ್ ಟೆಂಪರೇಚರ್‌ಗೆ ಬಂದ ಮೇಲೇ ಶುರು ಮಾಡಿ. ವಾಷ್ ಸರಿಯಾಗದಿದ್ದರೆ ಬಣ್ಣ ಹೆಚ್ಚು ಬಂದು ಇಲ್ಲದ ರಕ್ಷಣೆ ಇದ್ದಂತೆ ಕಾಣುತ್ತದೆ. 8ರಿಂದ 12ರ ನಡುವೆ ಬಂದವನ್ನು ಎರಡೆರಡು ವೆಲ್‌ನಲ್ಲಿ (ಎಲೈಸಾ ಪ್ಲೇಟ್‌ನ ಗುಳಿ) ಮತ್ತೆ ಹಾಕದೆ ರಿಪೋರ್ಟ್ ಕೊಡಬೇಡಿ.

ಸ್ಟಾಫ್ ಕ್ಲಿನಿಕ್ ವೈದ್ಯರು:
ಮುಖ್ಯವಾದದ್ದು ಇನ್ನೊಂದಿದೆ. ಪಟ್ಟಿಯಲ್ಲಿ ಹೌಸ್‌ಕೀಪಿಂಗ್ ಮತ್ತು ಕಸ ಸಾಗಿಸುವವರು ಕಾಣಲಿಲ್ಲ. ಚೀಲದಲ್ಲಿ ಬಿದ್ದ ಸೂಜಿ ಮೊದಲು ಚುಚ್ಚುವುದು ಅವರಿಗೇ. ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ 2016ರ ಪ್ರಕಾರ ತ್ಯಾಜ್ಯ ಮುಟ್ಟುವ ಎಲ್ಲರಿಗೂ ಹೆಪಟೈಟಿಸ್ ಬಿ ಲಸಿಕೆ ಹಾಕಿಸುವುದು ಆಸ್ಪತ್ರೆಯ ಹೊಣೆ. ಗುತ್ತಿಗೆಯವರು ಅಂತ ಬಿಡುವ ಹಾಗಿಲ್ಲ.

ರಿಜಿಸ್ಟರ್‌ನಲ್ಲಿ ಪ್ರತಿ ಡೋಸ್‌ನ ದಿನಾಂಕ, ಬ್ಯಾಚ್, ಟೈಟರ್ ನೋಡಿದ ದಿನ ಮತ್ತು ಸಂಖ್ಯೆ ಬರೆಯಿರಿ. ಬರೀ ‘ಸರಿ ಇದೆ’ ಸಾಲದು. ನಾನ್-ರೆಸ್ಪಾಂಡರ್‌ಗೆ ಸೂಜಿ ಚುಚ್ಚಿ, ಆ ರೋಗಿ ಎಚ್‌ಬಿಎಸ್‌ಎಜಿ ಪಾಸಿಟಿವ್ ಆಗಿದ್ದರೆ, ಹೆಪಟೈಟಿಸ್ ಬಿ ಇಮ್ಯುನೊಗ್ಲಾಬ್ಯುಲಿನ್ ಆದಷ್ಟು 24 ಗಂಟೆಯೊಳಗೆ ಬೇಕು, ಒಂದು ತಿಂಗಳ ಬಳಿಕ ಇನ್ನೊಮ್ಮೆ. 10 ದಾಟಿದ್ದು ದಾಖಲಾಗಿದ್ದರೆ ಹೆಪಟೈಟಿಸ್ ಬಿಗೆ ಏನೂ ಬೇಡ, ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಮಾತ್ರ ಬೇರೆಯಾಗಿ ನೋಡಬೇಕು. ಇದು ರಾತ್ರಿ ಎರಡು ಗಂಟೆಗೂ ಕ್ಯಾಶುವಾಲ್ಟಿ ವೈದ್ಯರಿಗೆ ಗೊತ್ತಾಗಬೇಕು, ಹಾಗಾಗಿ ಪ್ರತಿಯೊಬ್ಬರಿಗೂ ಅವರ ಟೈಟರ್ ಬರೆದ ಚೀಟಿ ಕೊಟ್ಟು ಐಡಿ ಕಾರ್ಡ್ ಹಿಂದೆ ಇಟ್ಟುಕೊಳ್ಳಲು ಹೇಳಿ. ಯಾರದ್ದಾದರೂ ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂದರೆ ಅವರೊಬ್ಬರನ್ನೇ ಕೂರಿಸಿ ತಿಳಿಸಿ, ಆ ವಿವರ ವಾರ್ಡ್‌ನ ರಿಜಿಸ್ಟರ್‌ಗೆ ಹೋಗಬಾರದು.