ಸಹಾಯ ಬೇಕು: ಮಗನನ್ನು ಸಂಜೆ ಆಟಕ್ಕೆ ಕೆಳಗಿಳಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವಿರುವುದು ಪುಣೆಯ ಕೋಥ್ರೂಡ್‌ನಲ್ಲಿ. ಮಗನಿಗೆ ಒಂಬತ್ತು ವರ್ಷ. ಸ್ಕೂಲಿಂದ ಬಂದರೆ ಸೋಫಾ, ಟ್ಯಾಬ್, ಅಷ್ಟೇ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಚೆನ್ನಾಗಿ ಮೈ ದಣಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇವನದು ಅದರ ಹತ್ತಿರಕ್ಕೂ ಬರುವುದಿಲ್ಲ.

ಟ್ಯಾಬ್ ಎತ್ತಿಟ್ಟೆ. ಟಿವಿ ಮುಂದೆ ಕೂತ. ಆದರೆ ಭಾನುವಾರ ಇಲ್ಲಿನ ವೇತಾಳ ಟೇಕಡಿ ಗುಡ್ಡಕ್ಕೆ ಹೋದರೆ ಖುಷಿಯಾಗಿ ಹತ್ತುತ್ತಾನೆ, ನವಿಲು ಕಂಡರಂತೂ ಕೇಳಲೇಬೇಡಿ. ಹಾಗಾಗಿ ಸೋಮಾರಿ ಅಂತ ನನಗನಿಸುವುದಿಲ್ಲ. ಬಾಕಿ ದಿನಗಳದ್ದೇ ತಲೆನೋವು. ಸೊಸೈಟಿ ಪಾರ್ಕಿಂಗ್‌ನಲ್ಲಿ ಚೆಂಡಾಡಬಾರದು ಅಂತ ಬೋರ್ಡೇ ಇದೆ. (ಕಾರಿಗಿರುವ ಜಾಗ ಮಕ್ಕಳಿಗಿಲ್ಲ!) ಹಿಂದಿನ ಖಾಲಿ ಜಾಗದಲ್ಲಿ ಲಗೋರಿ ಕಲಿಸೋಣ ಅಂದರೆ ಜೊತೆಗೆ ಮಕ್ಕಳೇ ಇಲ್ಲ. ಒಬ್ಬನಿಗೆ ಟ್ಯೂಷನ್, ಇನ್ನೊಬ್ಬಳಿಗೆ ಅಬ್ಯಾಕಸ್. ಅವರು ಬರುವ ಹೊತ್ತಿಗೆ ಕತ್ತಲು. "ಅಮ್ಮಾ, ಒಬ್ನೇ ಏನಾಡ್ಲಿ?" ಅಂತಾನೆ. ಅದೂ ಸರಿ ಅಲ್ವಾ?

ನಮ್ಮ ಮನೆಯವರು ಕ್ರಿಕೆಟ್ ಕೋಚಿಂಗಿಗೆ ಹಾಕು ಅನ್ನುತ್ತಾರೆ. ಅದೂ ಇನ್ನೊಂದು ಕ್ಲಾಸ್ ಆಗಿಬಿಟ್ಟರೆ?

ಪುಣೆ, ಮುಂಬೈ ಫ್ಲಾಟ್‌ಗಳಲ್ಲಿರುವವರು ದಯವಿಟ್ಟು ಹೇಳಿ: ಬೇರೆ ಅಪ್ಪ ಅಮ್ಮಂದಿರನ್ನು ಒಪ್ಪಿಸಿ, ವಾರದ ದಿನಗಳಲ್ಲಿ ಮಕ್ಕಳೆಲ್ಲ ಒಂದೇ ಹೊತ್ತಿಗೆ ಕೆಳಗಿಳಿಯುವ ಹಾಗೆ ಹೇಗೆ ಮಾಡಿದಿರಿ? ಅದಾಗದಿದ್ದರೆ ಕೋಚಿಂಗೇ ವಾಸಿನಾ?