ಸಹಾಯ ಬೇಕು: ವೀಲ್ ಆಫ್ ಟೈಮ್‌ಗೆ ಕಂಪ್ಯಾನಿಯನ್ ಪುಸ್ತಕವೋ, ವಿಕಿಯೋ?

ಎಲ್ಲರಿಗೂ ನಮಸ್ಕಾರ. ರಾಬರ್ಟ್ ಜೋರ್ಡಾನ್ ಅವರ ವೀಲ್ ಆಫ್ ಟೈಮ್ ಎಂಬ ಫ್ಯಾಂಟಸಿ ಕಾದಂಬರಿ ಸರಣಿ ಓದುತ್ತಿದ್ದೇನೆ. 14 ಸಂಪುಟಗಳಲ್ಲಿ ಈಗ ಐದನೆಯದು. ತುಂಬಾ ಇಷ್ಟವಾಗಿದೆ, ಆದರೆ ಪಾತ್ರಗಳು ವಿಪರೀತ ಜಾಸ್ತಿ. ಹಿಂದಿನ ಪುಸ್ತಕದಲ್ಲಿ ಬಂದ ಐಸ್ ಸೆಡಾಯ್ (ಮಾಂತ್ರಿಕ ಶಕ್ತಿ ಇರುವ ಮಹಿಳೆ) ಮತ್ತೆ ಬಂದರೆ ಯಾವ ಅಜಾದವಳು, ಅಂದರೆ ಅವರೊಳಗಿನ ಯಾವ ಪಂಗಡದವಳು ಎಂದು ನೆನಪಾಗುವುದಿಲ್ಲ. ಪುಸ್ತಕದ ಕೊನೆಯ ಪದಕೋಶ ಸಾಲುವುದಿಲ್ಲ.

ಮೊನ್ನೆ ಸುಮ್ನೆ ಒಂದು ಹೆಸರು ನೋಡೋಣ ಎಂದು ಈ ಸರಣಿಯ ಬಗ್ಗೆ ಅಭಿಮಾನಿಗಳು ಬರೆಯುವ ವಿಕಿ ತೆರೆದೆ. ಮೊದಲ ಸಾಲಿನಲ್ಲೇ ಆ ಪಾತ್ರ ಸಾಯುವ ವಿಷಯ! ಇನ್ನೂ ಬೇಜಾರು ಹೋಗಿಲ್ಲ.

ಹಾಗಾಗಿ 2015ರ ಕಂಪ್ಯಾನಿಯನ್ (ಸರಣಿಯ ಪಾತ್ರ, ಸ್ಥಳಗಳನ್ನು ವಿವರಿಸುವ ಪುಸ್ತಕ) ಕೊಳ್ಳುವ ಯೋಚನೆ. ಜೋರ್ಡಾನ್ 2007ರಲ್ಲಿ ತೀರಿಕೊಂಡರು. ಅವರ ಪತ್ನಿ, ಸಂಪಾದಕಿಯೂ ಆದ ಹ್ಯಾರಿಯೆಟ್ ಮ್ಯಾಕ್‌ಡೂಗಲ್ ಮತ್ತು ಇಬ್ಬರು ಸಹಾಯಕರು ಜೋರ್ಡಾನ್ ಅವರ ಟಿಪ್ಪಣಿಗಳನ್ನು ಬಳಸಿಯೇ ಇದನ್ನು ಮಾಡಿದ್ದಾರೆ. ಅದಕ್ಕೇ ನನಗೆ ಇದರ ಮೇಲೆ ನಂಬಿಕೆ. ಆದರೆ ಕಥೆ ಪೂರ್ತಿ ಮುಗಿದ ಮೇಲೆ ಬಂದದ್ದು. ಅಲ್ಲೂ ಎಲ್ಲ ಗೊತ್ತಾಗಿಬಿಡುತ್ತದೆ, ಅಲ್ವಾ?

ಈ ಸರಣಿಯ ಲೋಕದ ಬಗ್ಗೆ 1997ರ ಸಚಿತ್ರ ಪುಸ್ತಕವೂ ಇದೆ. ಅದು ಬಂದಾಗ ಏಳು ಸಂಪುಟಗಳಷ್ಟೇ ಆಗಿದ್ದವು. ಐದನೆಯದರಲ್ಲಿ ಇರುವವರು ಅದನ್ನು ಧೈರ್ಯವಾಗಿ ಓದಬಹುದಾ? ಇಲ್ಲದಿದ್ದರೆ, ಒಂದೊಂದು ಸಂಪುಟದವರೆಗಿನ ಕಥೆ ಮಾತ್ರ ತೋರಿಸುವ ವಿಕಿ ಯಾವುದಾದರೂ ಇದೆಯಾ? ಪೂರ್ತಿ ಓದಿದವರು ದಯವಿಟ್ಟು ಹೇಳಿ. ಮುಂದಿನ ಕಥೆ ಮಾತ್ರ ಬರೆಯಬೇಡಿ.